ಬ್ಯಾನಿ ನಿಂತಾಗ ಹಿಡಿಯಬೇಕಾದ ಬಸ್ಸು

ಮುಂಡಗೋಡದಲ್ಲಿ ಹಲ್ಲುಬೇನೆಯ ಮೊದಲ ಡಾಕ್ಟರು ಮೆಡಿಕಲ್ ಅಂಗಡಿಯವರು. ಮೂರು ವರ್ಷ ನಾನೂ ಅವರ ಪೇಶಂಟೇ. ಕೆಳಗಿನ ಬಲದವಡೆಯ ಕಟ್ಟಕಡೆಯ ಹಲ್ಲು ವರ್ಷಕ್ಕೆ ಎರಡು ಸಲ, ಆಷಾಢದ ಮಳೆಯಲ್ಲೊಮ್ಮೆ, ಭತ್ತದ ಕೊಯ್ಲಿನ ಹೊತ್ತಿಗೆ ಇನ್ನೊಮ್ಮೆ, ಬಾಕಿ ವಸೂಲಿಗೆ ಬಂದವರ ಹಾಗೆ ಬಂದು ಕೂರುತ್ತಿತ್ತು. ಗಲ್ಲ ಬಾತು, ಬಾಯಿ ಅರ್ಧ ಮಾತ್ರ ತೆರೆದು, ಉಗುಳು ನುಂಗಿದರೆ ಕಿವಿಯೊಳಗೆ ಸೂಜಿ ಹೊಕ್ಕಂತೆ. ಅಂಗಡಿಯ ಮುಂದೆ ಗಲ್ಲಕ್ಕೆ ಕೈ ಹಚ್ಚಿ ನಿಂತರೆ ಸಾಕು, "ಮತ್ತ ಎದ್ದತೇನ್ರಿ? ಹೋದ ಸಲದ್ದ ಕೊಡ್ಲೇನು?" ಎಂದು ಅವರೇ ಕೇಳುವರು. ಒಂದು ಕ್ಯಾಪ್ಸೂಲು, ಒಂದು ಬಿಳಿ ಗುಳಿಗೆ, ಊಟ ಆದ ಮೇಲೆ. ನಾಲ್ಕನೇ ದಿನ ಎಲ್ಲ ತಣ್ಣಗೆ. ತಣ್ಣಗಾದ ಮೇಲೆ ಕೆಲಸ ಬಿಟ್ಟು ಹುಬ್ಬಳ್ಳಿಗೆ ಯಾರು ಹೋಗುತ್ತಾರೆ?

ಹೋಗಬೇಕಾದದ್ದು ಆವಾಗಲೇ. ಬುದ್ಧಿಹಲ್ಲಿನ ವಿಷಯದಲ್ಲಿ ನಾನು ದುಡ್ಡು ತೆತ್ತು ಕಲಿತದ್ದು ಇದೊಂದೇ, ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಂಡೇ ಬರುತ್ತದೆ.

ಪುಸ್ತಕದಲ್ಲಿ ಇದು ಬುದ್ಧಿಹಲ್ಲು ಅಥವಾ ಜ್ಞಾನದಂತ. ನಮ್ಮ ಪೇಟೆಯಲ್ಲಿ ಉರ್ದು, ಮರಾಠಿ ಮಾತಾಡುವವರ ಬಾಯಲ್ಲಿ ಅಕಲ್ ದಾಢ. ಈ ಭಾಷೆಗಳೆಲ್ಲ ಬುದ್ಧಿಯನ್ನೇ ಇದರ ಕೊರಳಿಗೆ ಕಟ್ಟಿವೆ, ಯಾಕೆಂದರೆ ಇದು ಹುಟ್ಟುವುದು ಬುದ್ಧಿ ಬರಬೇಕಾದ ವಯಸ್ಸಿನಲ್ಲಿ, ಸಾಮಾನ್ಯವಾಗಿ 17ರಿಂದ 25ರೊಳಗೆ. ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು. ಕೆಲವರಿಗೆ ಮೂರೇ, ಕೆಲವರಿಗೆ ಒಂದೂ ಇಲ್ಲ, ಅದೂ ಸಹಜವೇ. ಅಷ್ಟು ಹೊತ್ತಿಗೆ ಉಳಿದ 28 ಹಲ್ಲುಗಳು ತಮ್ಮ ಜಾಗ ಹಿಡಿದು ಕೂತಿರುತ್ತವೆ. ಸೀಟೆಲ್ಲ ತುಂಬಿದ ಬಸ್ಸನ್ನು ಕಡೆಗೆ ಹತ್ತಿದವನ ಹಾಗೆ ಈ ಹಲ್ಲು ಮುಂದಿನದರ ಮೇಲೆ ವಾಲಿಕೊಂಡು ನಿಲ್ಲುತ್ತದೆ. ಕೆಲವು ಪೂರ್ತಿ ಅಡ್ಡ ಮಲಗಿಬಿಡುತ್ತವೆ, ಕೆಲವು ಎಲುಬಿನಿಂದ ಮೇಲೇಳುವುದೇ ಇಲ್ಲ.

ಕಿರಿಕಿರಿ ಮಾಡುವುದು ಬಹುಪಾಲು ಅರ್ಧ ಎದ್ದು ಅರ್ಧ ಒಳಗೇ ಉಳಿದ ಕೆಳದವಡೆಯ ಹಲ್ಲು. ಅದರ ತಲೆಯ ಮೇಲೆ ವಸಡಿನ ಒಂದು ಸಣ್ಣ ಸೆರಗು ಮುಚ್ಚಿಕೊಂಡಿರುತ್ತದೆ. ಅವಲಕ್ಕಿಯ ಚೂರು, ರೊಟ್ಟಿಯ ಹುಡಿ ಆ ಸೆರಗಿನಡಿ ಸೇರುತ್ತದೆ, ಬ್ರಶ್ಶು ಅಲ್ಲಿಗೆ ಮುಟ್ಟುವುದಿಲ್ಲ. ಒಳಗೆ ಕೊಳೆತು ಕೀವಾಗಿ ವಸಡು ಊದಿಕೊಳ್ಳುತ್ತದೆ. ಊದಿದ್ದನ್ನು ಮೇಲಿನ ಹಲ್ಲು ಊಟಕ್ಕೊಮ್ಮೆ ಕಚ್ಚುತ್ತದೆ, ಕಚ್ಚಿದಷ್ಟೂ ಇನ್ನಷ್ಟು ಊದುತ್ತದೆ. ಕ್ಯಾಪ್ಸೂಲು ಆ ಕೀವನ್ನು ಇಳಿಸುತ್ತದೆ, ನಿಜ. ಆದರೆ ಹಲ್ಲಿನ ವಾಲು, ವಸಡಿನ ಸೆರಗು ಅಲ್ಲೇ ಇರುತ್ತವೆ. ಮುಂದಿನ ಅವಲಕ್ಕಿ ಚೂರು ಯಾವತ್ತು ಸೇರುತ್ತದೆ ಎಂಬುದೊಂದೇ ಪ್ರಶ್ನೆ.

ಹಾಗಂತ ಬುದ್ಧಿಹಲ್ಲು ಇದ್ದವರೆಲ್ಲ ಕಿತ್ತಿಸಿಕೊಳ್ಳಬೇಕಿಲ್ಲ. ನೆಟ್ಟಗೆ ಎದ್ದು, ಮೇಲಿನ ಹಲ್ಲಿಗೆ ಸರಿಯಾಗಿ ಕೂತು, ಬ್ರಶ್ಶಿಗೆ ಸಿಗುವಂತಿದ್ದರೆ ಅದೂ ಉಳಿದವುಗಳ ಹಾಗೆ ಒಂದು ದವಡೆಹಲ್ಲು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2000ದಲ್ಲೇ ಹೇಳಿದೆ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಲ್ಲಿ ಕೀಳಬೇಡಿ ಎಂದು. ವಸಡು ಮತ್ತೆ ಮತ್ತೆ ಬಾಯುವುದು, ಹಲ್ಲು ಹುಳುಕಾಗುವುದು, ಅದು ಒತ್ತಿ ಮುಂದಿನ ಒಳ್ಳೆಯ ಹಲ್ಲೂ ಹುಳುಕಾಗುವುದು, ಎಲುಬಿನೊಳಗೆ ನೀರುಗುಳ್ಳೆ ಕಟ್ಟುವುದು, ಇವು ಕೀಳಿಸಲು ಕಾರಣ. "ನಾಲ್ಕೂ ಒಟ್ಟಿಗೆ ತೆಗೆದುಬಿಡೋಣ" ಎಂದು ಯಾರಾದರೂ ಹೇಳಿದರೆ, ನಾಲ್ಕೂ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ.

ನಮ್ಮವ್ವನ ಆಕ್ಷೇಪ ಬೇರೆಯೇ ಇತ್ತು. "ದವಡಿ ಹಲ್ಲ ಕಿತ್ತಿಸ್ಕೋಬ್ಯಾಡೋ, ಕಣ್ಣಿನ ನರ ಹೋಗ್ತಾವು." ಈ ಮಾತು ಕೇಳದ ಮನೆ ನಮ್ಮ ಕಡೆ ಇಲ್ಲ. ಅವ್ವ ಸುಮ್ಮನೆ ಹೆದರಿಸಲಿಲ್ಲ. ಹಲ್ಲುನೋವು ಎದ್ದಾಗ ಕಣ್ಣಿನ ಸುತ್ತ, ಕಪಾಲ, ಕಿವಿ ಎಲ್ಲ ಸಿಡಿಯುವುದನ್ನು ಆಕೆ ಕಂಡವಳು, ಉಂಡವಳು. ಮುಖದ ಒಂದು ಪಕ್ಕದ ನೋವನ್ನೆಲ್ಲ ಮಿದುಳಿಗೆ ಒಯ್ಯುವುದು ಒಂದೇ ದೊಡ್ಡ ನರ. ಅದಕ್ಕೆ ಮೂರು ಕವಲು. ಒಂದು ಹಣೆ ಮತ್ತು ಕಣ್ಣಿನ ಸುತ್ತಲಿಗೆ, ಒಂದು ಮೇಲ್ದವಡೆಗೆ, ಒಂದು ಕೆಳದವಡೆಗೆ. ಕೆಳಗಿನ ಕವಲು ಕೂಗಿದರೆ ಮೇಲಿನದೇ ಕೂಗಿತೆಂದು ಮಿದುಳು ಒಮ್ಮೊಮ್ಮೆ ಮೋಸ ಹೋಗುತ್ತದೆ. ಆದರೆ ನೋಟದ ನರವೇ ಬೇರೆ. ಅದು ಕಣ್ಣುಗುಡ್ಡೆಯ ಹಿಂದಿನಿಂದ ನೇರ ಮಿದುಳಿಗೆ ಹೋಗುತ್ತದೆ, ಹಲ್ಲಿಗೂ ಅದಕ್ಕೂ ಬಳಗವಿಲ್ಲ.

ಇನ್ನು ಬ್ಯಾನಿ ನಿಂತಾಗಲೇ ಯಾಕೆ ಹೋಗಬೇಕು ಎಂಬುದು. ಹಲ್ಲು ಕೀಳುವಾಗ ಜೋಮು ಹಿಡಿಸಲು ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಲಿಗ್ನೋಕೇನ್, ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ 1943ರಲ್ಲಿ ಮೊದಲು ತಯಾರಿಸಿದ್ದು. ಆರೋಗ್ಯವಾಗಿರುವ ಜಾಗದಲ್ಲಿ ಅದು ಸಲೀಸಾಗಿ ನರದೊಳಗೆ ಇಳಿಯುತ್ತದೆ. ಕೀವಾದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುತ್ತದೆ, ಅಲ್ಲಿ ಆ ಔಷಧದ ಬಹುಪಾಲು ನರದ ಪೊರೆ ದಾಟಲಾರದ ರೂಪಕ್ಕೆ ತಿರುಗಿ ಹೊರಗೇ ಉಳಿಯುತ್ತದೆ. ಜೋಮು ಪೂರ್ತಿ ಹಿಡಿಯುವುದಿಲ್ಲ. "ನಮ್ಮ ಕಾಕಾಗ ನಾಕ್ ಇಂಜೆಕ್ಷನ್ ಕೊಟ್ರೂ ಬ್ಯಾನಿ ಹೋಗಲಿಲ್ಲ" ಎಂಬ ಕಥೆಗಳು ಹೆಚ್ಚಾಗಿ ಗಲ್ಲ ಬಾತಾಗಲೇ ಕುರ್ಚಿ ಹತ್ತಿದವರವು. ಬಾವು ಇದ್ದಾಗ ಬಾಯಿಯೂ ತೆರೆಯುವುದಿಲ್ಲ, ಡಾಕ್ಟರ ಕೈಯೂ ಒಳಗೆ ಹೋಗುವುದಿಲ್ಲ. ಅದಕ್ಕೇ ಅವರು ಮೊದಲು ಸೆರಗಿನಡಿ ತೊಳೆದು, ಬೇಕಿದ್ದರೆ ಗುಳಿಗೆ ಕೊಟ್ಟು, "ಮುಂದಿನ ವಾರ ಬರ್ರಿ" ಎನ್ನುತ್ತಾರೆ. ಆ ಮುಂದಿನ ವಾರ ನಾವು ಹೋಗುವುದಿಲ್ಲ. ತಪ್ಪು ನಡೆಯುವುದು ಅಲ್ಲಿ.

ವಯಸ್ಸೂ ಒಂದು ಲೆಕ್ಕ. ಇಪ್ಪತ್ತರ ಆಸುಪಾಸಿನಲ್ಲಿ ಬೇರು ಪೂರ್ತಿ ಬಲಿತಿರುವುದಿಲ್ಲ, ಎಲುಬು ಸ್ವಲ್ಪ ಬಳುಕುತ್ತದೆ, ಗಾಯ ಬೇಗ ಮಾಯುತ್ತದೆ. ಡಿಗ್ರಿಗೆ ಹುಬ್ಬಳ್ಳಿ ಧಾರವಾಡದ ಹಾಸ್ಟೆಲ್ಲಿನಲ್ಲಿರುವ ಮಕ್ಕಳ ಹಲ್ಲು ತಂಟೆ ಮಾಡುತ್ತಿದ್ದರೆ ಪರೀಕ್ಷೆ ಮುಗಿದ ರಜೆಯಲ್ಲಿ ಮುಗಿಸಿಬಿಡುವುದು ಜಾಣತನ. ನಾನು ಮುಗಿಸಿದ್ದು ನಲವತ್ತೊಂದಕ್ಕೆ.

ಆದರೆ ಒಂದು ಮಾತು ಇಲ್ಲಿ ಗಟ್ಟಿಯಾಗಿ. ಬ್ಯಾನಿ ನಿಲ್ಲುವ ತನಕ ಕಾಯಲೇಬಾರದ ಸ್ಥಿತಿಯೂ ಇದೆ. ಬಾವು ಗಲ್ಲದಿಂದ ಗದ್ದದಡಿಗೆ, ಕತ್ತಿಗೆ ಇಳಿದರೆ, ನಾಲಿಗೆ ಮೇಲೆತ್ತಿಕೊಂಡರೆ, ಸ್ವಂತ ಉಗುಳೂ ನುಂಗಲಾಗದೆ ಜೊಲ್ಲು ಸುರಿದರೆ, ದನಿ ಬದಲಾಗಿ ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರಂತೆ ಮಾತು ಬಂದರೆ, ಜ್ವರ ಜೊತೆಗೂಡಿದರೆ, ಅದು ಹಲ್ಲುನೋವಲ್ಲ. ಕೀವು ದವಡೆಯ ಕೆಳಗಿನ ಸಂದುಗಳಿಗೆ ಹಬ್ಬಿ ಉಸಿರಿನ ದಾರಿಯನ್ನೇ ಮುಚ್ಚುವ ಕಾಯಿಲೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಅದನ್ನು ವಿವರಿಸಿದ, ಇವತ್ತಿಗೂ ಅವನ ಹೆಸರಲ್ಲೇ ಕರೆಯುತ್ತಾರೆ. ರಾತ್ರಿಯಾದರೂ ಸರಿ, 108ಕ್ಕೆ ಫೋನು ಮಾಡಿ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ. ಬೆಳಗಾಗಲಿ ಎನ್ನಬೇಡಿ.

ಎಲ್ಲಿಗೆ ಹೋಗುವುದು? ನೆಟ್ಟಗೆ ಎದ್ದ ಹಲ್ಲಾದರೆ, ಮೇಲಿನ ಹಲ್ಲಾದರೆ, ಊರಿನ ದಂತವೈದ್ಯರೇ ತೆಗೆಯುತ್ತಾರೆ. ಎಷ್ಟೋ ಸಲ ಹತ್ತು ನಿಮಿಷದ ಕೆಲಸ. ಅಡ್ಡ ಮಲಗಿದ್ದು, ಎಲುಬಿನೊಳಗೆ ಹೂತದ್ದು ಇದ್ದರೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರ ಕೈಗೆ ಹೋಗಬೇಕು. ಕೆಲವು ಊರುಗಳ ಕ್ಲಿನಿಕ್ಕಿಗೆ ಅವರೇ ವಾರಕ್ಕೊಮ್ಮೆ ಬರುವುದುಂಟು, ವಿಚಾರಿಸಿ. ಇಲ್ಲವಾದರೆ ತಡಸದ ಮೇಲೆ ಹಾಯ್ದು ಹುಬ್ಬಳ್ಳಿ, ಹತ್ತಿರ ಹತ್ತಿರ ಐವತ್ತು ಕಿಲೋಮೀಟರು. ಹುಬ್ಬಳ್ಳಿ ಧಾರವಾಡದ ನಡುವೆ ಸತ್ತೂರಿನಲ್ಲಿ 1986ರಿಂದ ಎಸ್‌ಡಿಎಂ ದಂತ ಮಹಾವಿದ್ಯಾಲಯ ಇದೆ, ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿದರೆ ದಾರಿಯಲ್ಲೇ ಇಳಿಯಬಹುದು. ದಂತ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಸಮಯ ಹೆಚ್ಚು. ಎಂಡಿಎಸ್ ಓದುವ ಎಳೆ ಡಾಕ್ಟರು ಕೈ ಹಾಕುತ್ತಾರೆ, ಮೇಷ್ಟ್ರು ಬೆನ್ನ ಹಿಂದೆ ನಿಂತಿರುತ್ತಾರೆ. ಅಡ್ಡ ಮಲಗಿದ ಹಲ್ಲು ಅಲ್ಲಿ ದಿನನಿತ್ಯದ ಕೆಲಸ, ಹಾಗಾಗಿ ಆ ಕೈಗೆ ಹೆದರಬೇಕಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಬೇಕು ಅಷ್ಟೆ. ಹಳಿಯಾಳ, ದಾಂಡೇಲಿಯವರಿಗೆ ಧಾರವಾಡವೇ ಹತ್ತಿರ. ಜೋಯಿಡಾದ ಒಳಹಳ್ಳಿಗಳಿಂದ ಬರುವವರು ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿಯುವ ಲೆಕ್ಕದಲ್ಲೇ ಹೊರಡುವುದು ಒಳ್ಳೆಯದು. ಸಂತೆ, ಜಾತ್ರೆಯಲ್ಲಿ ಚಾಪೆ ಹಾಸಿ ಹಲ್ಲು ಕೀಳುವವರ ಹತ್ತಿರ ಮಾತ್ರ ಬೇಡ. 1948ರ ದಂತವೈದ್ಯರ ಕಾಯ್ದೆ ಬಂದಾಗಿನಿಂದ ಈ ಕೆಲಸಕ್ಕೆ ನೋಂದಣಿ ಬೇಕು. ಗೋಡೆಯ ಮೇಲೆ ರಾಜ್ಯ ದಂತ ಪರಿಷತ್ತಿನ ನೋಂದಣಿ ಪತ್ರ ಇದೆಯೇ ಎಂದು ಕಣ್ಣಾಡಿಸುವುದರಲ್ಲಿ ಮರ್ಯಾದೆಗೇಡು ಏನಿಲ್ಲ.

ಮೊದಲ ದಿನ ಬರೀ ನೋಡುವುದು ಮತ್ತು ಎಕ್ಸ್‌ರೇ. ಓಪಿಜಿ ಎಂಬ ಯಂತ್ರದಲ್ಲಿ ಗದ್ದ ಇಟ್ಟು ನಿಂತರೆ ಅದು ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎರಡೂ ದವಡೆಯನ್ನು ಒಂದೇ ಪಟದಲ್ಲಿ ಬಿಡಿಸಿಡುತ್ತದೆ. ಆ ಪಟವನ್ನು ನೀವೂ ನೋಡಿ, ತೋರಿಸಿ ಎಂದು ಕೇಳಿ. ಕೆಳದವಡೆಯ ಎಲುಬಿನೊಳಗೆ ಒಂದು ಕಾಲುವೆ ಹೋಗಿರುವುದು ಕಾಣುತ್ತದೆ. ಕೆಳತುಟಿಗೆ ಸ್ಪರ್ಶ ಕೊಡುವ ನರ ಹೋಗುವ ದಾರಿ ಅದು. ಹಲ್ಲಿನ ಬೇರು ಆ ಕಾಲುವೆಗೆ ತಾಗಿದಂತಿದ್ದರೆ ಸಿಬಿಸಿಟಿ ಎಂಬ ಇನ್ನೊಂದು ಸ್ಕ್ಯಾನು ಹೇಳಬಹುದು. ತೀರಾ ಅಂಟಿಕೊಂಡಿದ್ದರೆ ಬೇರನ್ನು ಅಲ್ಲೇ ಬಿಟ್ಟು ತಲೆ ಮಾತ್ರ ಕತ್ತರಿಸಿ ತೆಗೆಯುವ ಪದ್ಧತಿಯೂ ಇದೆ.

ಇದೇ ಹೊತ್ತಿನಲ್ಲಿ ನಿಮ್ಮ ಗುಳಿಗೆಗಳ ಚೀಟಿಯನ್ನೆಲ್ಲ ಡಾಕ್ಟರ ಮುಂದೆ ಹರವಿಬಿಡಿ. ಶುಗರ್, ಬಿಪಿ, ಆಸ್ತಮಾ, ಹೃದಯದ ಕವಾಟದ ತೊಂದರೆ, ಪೆನ್ಸಿಲಿನ್ ಆಗಿಬರದಿರುವುದು, ಎಲುಬು ಸವೆತಕ್ಕೆ ತೆಗೆದುಕೊಂಡ ಇಂಜೆಕ್ಷನ್, ಗರ್ಭಿಣಿಯಾಗಿದ್ದರೆ ಎಷ್ಟು ತಿಂಗಳು, ಎಲ್ಲವೂ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಹಲ್ಲಿನ ಸಲುವಾಗಿ ಅದನ್ನು ತಾವಾಗಿಯೇ ಬಿಡಬಾರದು. ಹಲ್ಲಿನ ಗಾಯದ ರಕ್ತ ನಿಲ್ಲಿಸುವುದು ಸುಲಭ, ಹೃದಯದಲ್ಲಿ ಹೆಪ್ಪು ಕಟ್ಟಿದರೆ ಕಷ್ಟ. ಬಿಡಬೇಕೋ ಬೇಡವೋ ಎಂಬುದನ್ನು ಇಬ್ಬರು ಡಾಕ್ಟರು ಮಾತಾಡಿಕೊಳ್ಳಲಿ.

ಮತ್ತೆ ಗುಟ್ಕಾ, ಎಲೆಅಡಿಕೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಕೂತು ಇದನ್ನು ಬರೆಯುವುದು ಸ್ವಲ್ಪ ಇಕ್ಕಟ್ಟೇ, ಆದರೂ ಬರೆಯಬೇಕು. ಕೈಯ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹಾಕಿ ನೋಡಿ. ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಮೂರೂ ಹಿಡಿಸಬೇಕು. ಬಾವಿಲ್ಲ, ನೋವಿಲ್ಲ, ಆದರೂ ಎರಡೇ ಹಿಡಿಸುತ್ತವೆ, ಖಾರ ತಿಂದರೆ ಬಾಯಿ ಉರಿಯುತ್ತದೆ, ಗಲ್ಲದ ಒಳಗೆ ಹಗ್ಗದಂತೆ ಬಿಗಿ ಕೈಗೆ ಸಿಗುತ್ತದೆ ಎಂದಾದರೆ ತೊಂದರೆ ಬುದ್ಧಿಹಲ್ಲಿಗಿಂತ ದೊಡ್ಡದು. ಅಡಿಕೆಯ ಅಂಶದಿಂದ ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆ ಅದು, ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯೂ ಇದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾಲೆಯಲ್ಲಿ ಅಕ್ಕಪಕ್ಕ ತೂಗುವುದನ್ನು ಎಲ್ಲರೂ ನೋಡಿದ್ದೇವೆ. ಇಂಥ ಬಾಯಿಯಲ್ಲಿ ಬುದ್ಧಿಹಲ್ಲು ತೆಗೆಯುವುದು ಕಿಂಡಿಯಿಂದ ಕೈ ಹಾಕಿ ಕಣಜದ ತಳ ಬಳಿಯುವ ಕೆಲಸ. ಬೆರಳಿನ ಲೆಕ್ಕ ತಪ್ಪಿದರೆ ಹಲ್ಲು ನೋಯಲಿ ಬಿಡಲಿ, ತೋರಿಸಿಕೊಳ್ಳಿ.

ತೆಗೆಯುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಜೋಮಿನ ಇಂಜೆಕ್ಷನ್‌ನಲ್ಲಿ ಮಾಡುವ ಕೆಲಸಕ್ಕೆ ಉಪವಾಸ ಬೇಕಿಲ್ಲ, ಬೆಳಗಿನ ತಿಂಡಿ ತಿಂದೇ ಹೋಗಬೇಕು. ಹೆದರಿಕೆಗೆ ಹಸಿವು ಸೇರಿದರೆ ಕುರ್ಚಿಯಲ್ಲೇ ಕಣ್ಣಿಗೆ ಕತ್ತಲೆ ಬರುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತೇವೆ ಎಂದಿದ್ದರೆ ಮಾತ್ರ ಎಷ್ಟು ಗಂಟೆ ಉಪವಾಸ ಎಂದು ಅವರೇ ಹೇಳುತ್ತಾರೆ. ಜೊತೆಗೊಬ್ಬರು ಇರಲಿ.

ಕೆಳಗಿನ ಹಲ್ಲಾದರೆ ಇಂಜೆಕ್ಷನ್ ಚುಚ್ಚುವುದು ಅದರ ಬುಡಕ್ಕಲ್ಲ, ಅದಕ್ಕೂ ಹಿಂದೆ, ದವಡೆಯ ಮೂಲೆಯಲ್ಲಿ. ಔಷಧದಲ್ಲಿ ಅಡ್ರಿನಲಿನ್ ಬೆರೆತಿರುವುದರಿಂದ ಒಂದೆರಡು ನಿಮಿಷ ಎದೆ ಡವಡವ ಎನ್ನಬಹುದು, ಅಂಜಬೇಡಿ. ಆಮೇಲೆ ಅರ್ಧ ತುಟಿ, ಅರ್ಧ ನಾಲಿಗೆ ನಿಮ್ಮದಲ್ಲ. ಡಾಕ್ಟರು ಚೂಪಾದ್ದರಿಂದ ಮುಟ್ಟಿ, "ಚುಚ್ಚಿದ್ಹಂಗ ಆಕ್ಕತೇನ್ರಿ?" ಎಂದು ಕೇಳುತ್ತಾರೆ. ಆಗುತ್ತಿದ್ದರೆ ಹೇಳಿ. ಗಂಡಸುತನ ತೋರಿಸುವ ಜಾಗ ಅದಲ್ಲ. ಜೋಮು ಸರಿಯಾಗಿ ಹಿಡಿದ ಮೇಲೆ ನೋವು ಗೊತ್ತಾಗುವುದಿಲ್ಲ, ಒತ್ತಡ ಮಾತ್ರ ಗೊತ್ತಾಗುತ್ತದೆ. ಇವೆರಡರ ವ್ಯತ್ಯಾಸವನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಹಾಗಾಗಿ ಮೊದಲ ಒತ್ತಿಗೇ ಕುರ್ಚಿಯ ಕೈ ಹಿಡಿದು ಎದ್ದುಬಿಟ್ಟಿದ್ದೆ. ವಸಡನ್ನು ಕೊಯ್ದು ಸರಿಸುತ್ತಾರೆ, ಹಲ್ಲಿನ ಸುತ್ತ ಎಲುಬನ್ನು ಸ್ವಲ್ಪ ಕೊರೆಯುತ್ತಾರೆ, ಹಲ್ಲನ್ನು ಎರಡೋ ಮೂರೋ ಹೋಳು ಮಾಡುತ್ತಾರೆ. ದೊಡ್ಡ ಮಂಚವನ್ನು ಸಣ್ಣ ಬಾಗಿಲಿನಿಂದ ಹೊರಗೆ ತರುವ ಉಪಾಯವೇ ಇದು, ಬಿಡಿಸಿ ತಂದರೆ ಬಾಗಿಲು ಒಡೆಯಬೇಕಿಲ್ಲ. ಡ್ರಿಲ್ಲಿನ ಸದ್ದು ಕಿವಿಯಿಂದ ಬರುವುದಿಲ್ಲ, ತಲೆಬುರುಡೆಯ ಒಳಗಿನಿಂದಲೇ ಬರುತ್ತದೆ. ಕಡೆಗೆ ಒಂದು ಸಲ "ಕಟಕ್". ಸ್ಟೀಲಿನ ತಟ್ಟೆಯಲ್ಲಿ ನನ್ನ ಹಲ್ಲು ಮೂರು ಚೂರಾಗಿ ಬಿದ್ದಿತ್ತು, ಒಂದು ಬೇರು ಕುಡುಗೋಲಿನ ಹಾಗೆ ಬಾಗಿತ್ತು. ಮೂರು ಹೊಲಿಗೆ. ಒಟ್ಟು ನಲವತ್ತು ನಿಮಿಷ, ಅದರಲ್ಲಿ ಜೋಮು ಹಿಡಿಯಲು ಕಾದದ್ದೇ ಹತ್ತು.

ನಿಜವಾದ ಪರೀಕ್ಷೆ ಶುರುವಾಗುವುದು ವಾಪಸು ಬರುವ ಬಸ್ಸಿನಲ್ಲಿ.

ಗಾಯದ ಮೇಲೆ ಹತ್ತಿಬಟ್ಟೆಯ ಗಟ್ಟಿ ಮಡಿಕೆ ಇಟ್ಟು, "ಒಂದ್ ತಾಸ್ ಕಚ್ಚಿ ಹಿಡೀರಿ, ಉಗುಳಬ್ಯಾಡ್ರಿ" ಎಂದು ಕಳಿಸುತ್ತಾರೆ. ಹಲ್ಲು ಇದ್ದ ಗುಳಿಯಲ್ಲಿ ಈಗ ರಕ್ತ ಹೆಪ್ಪುಗಟ್ಟಬೇಕು. ಆ ಹೆಪ್ಪೇ ಗಾಯದ ಮುಚ್ಚಳ, ಅದರ ಮೇಲೇ ಹೊಸ ಮಾಂಸ, ಕ್ರಮೇಣ ಎಲುಬು ಬೆಳೆಯುವುದು. ಬಾಯೊಳಗೆ ಗಾಳಿ ಎಳೆಯುವ ಯಾವ ಕೆಲಸ ಮಾಡಿದರೂ ಹೆಪ್ಪು ಕಿತ್ತು ಬರುತ್ತದೆ. ಉಗುಳುವುದು, ಸ್ಟ್ರಾ ಹಾಕಿ ಎಳನೀರು ಎಳೆಯುವುದು, ಬೀಡಿ ಸಿಗರೇಟು ಎಳೆಯುವುದು ಎಲ್ಲ ಒಂದೇ. ನಮ್ಮ ಬಸ್ಸುಗಳಲ್ಲಿ ಕಿಟಕಿ ಪಕ್ಕ ಕೂತು ಉಗುಳದೆ ಬರುವುದು ತಪಸ್ಸು. ಬಾಯಲ್ಲಿ ರಕ್ತದ ರುಚಿ, ಜೊಲ್ಲು, ಪಕ್ಕದವರೂ ಉಗುಳುತ್ತಿದ್ದಾರೆ. ನುಂಗಿ. ನುಂಗಲು ಹೇಸಿಗೆಯಾದರೆ ಕರ್ಚೀಫಿನಲ್ಲಿ ಒರೆಸಿಕೊಳ್ಳಿ. ಉಗುಳಿನಲ್ಲಿ ಬೆರೆತ ಒಂದು ತೊಟ್ಟು ರಕ್ತ ಒಂದು ಬಟ್ಟಲಿನಷ್ಟು ಕಾಣುತ್ತದೆ, ಮಾರನೇ ದಿನದವರೆಗೂ ಉಗುಳು ತಿಳಿಗೆಂಪಾಗಿರುವುದು ಸಾಮಾನ್ಯ. ಎರಡು ಮಡಿಕೆ ಹತ್ತಿಬಟ್ಟೆ ಹೆಚ್ಚಿಗೆ ಕೇಳಿ ಇಸಿದುಕೊಂಡಿರಿ. ರಕ್ತ ಮತ್ತೆ ಜಿನುಗಿದರೆ ಹೊಸದನ್ನು ಇಟ್ಟು ಅರ್ಧ ತಾಸು, ನಡುವೆ ತೆಗೆದು ನೋಡದೆ, ಕಚ್ಚಿ ಹಿಡಿಯಿರಿ. ಬಟ್ಟೆ ಸಿಗದಿದ್ದರೆ ನೀರಲ್ಲಿ ಅದ್ದಿ ಹಿಂಡಿದ ಚಹಾದ ಪೊಟ್ಟಣ, ದಾರ ಕಟ್ಟಿದ್ದು ಬರುತ್ತದಲ್ಲ, ಅದೂ ಆದೀತು. ಚಹಾದ ಒಗರು ರಕ್ತ ಕಟ್ಟಲು ನೆರವಾಗುತ್ತದೆ. ಬಾಯಿ ತುಂಬ ಕೆಂಪು ರಕ್ತ ಬರುತ್ತಲೇ ಇದ್ದರೆ ಮಾತ್ರ ವಾಪಸು ಓಡಿ.

ತಡಸದಲ್ಲಿ ಬಸ್ಸು ನಿಂತಾಗ ನಾನು ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ. ಚಟ ಬಿಡಲಿಲ್ಲ, ಅರ್ಧ ಕಪ್ ಚಹಾ ತೆಗೆದುಕೊಂಡೆ. ತುಟಿಗೆ ಲೋಟ ತಾಗಿದ್ದೂ ಗೊತ್ತಿಲ್ಲ, ಬಿಸಿಯೂ ಗೊತ್ತಿಲ್ಲ. ಎದುರು ಕೂತ ಅಜ್ಜಿ "ಅಯ್ಯ ತಮ್ಮಾ, ಅಂಗಿ ನೋಡ್ಕೋ" ಎಂದಾಗ ನೋಡಿದರೆ ಚಹಾ ಎಲ್ಲ ಗದ್ದದಿಂದ ಇಳಿದು ಎದೆಯ ಮೇಲೆ. ರಾತ್ರಿ ಜೋಮು ಬಿಟ್ಟ ಮೇಲೆ ತಿಳಿಯಿತು, ತುಟಿಯ ಒಳಗೆ ಬೊಬ್ಬೆ ಎದ್ದಿದೆ. ಜೋಮು ಮೂರರಿಂದ ಐದು ತಾಸು ಇರುತ್ತದೆ. ಅಷ್ಟು ಹೊತ್ತು ಬಿಸಿಯದು ಬೇಡ, ಅಗಿಯುವುದೂ ಬೇಡ, ಗಲ್ಲವನ್ನೇ ಕಚ್ಚಿಕೊಂಡರೂ ತಿಳಿಯುವುದಿಲ್ಲ. ನೋವಿನ ಗುಳಿಗೆಯ ಮೊದಲನೆಯದನ್ನು ಜೋಮು ಇಳಿಯುವ ಮೊದಲೇ, ಹೊಟ್ಟೆಗೆ ಏನಾದರೂ ಹಾಕಿ ನುಂಗಬೇಕು. ಎದ್ದ ನೋವನ್ನು ಕೂರಿಸುವುದಕ್ಕಿಂತ ಏಳದಂತೆ ನೋಡಿಕೊಳ್ಳುವುದು ಹಗುರ.

ಮನೆಗೆ ಬಂದ ಮೇಲೆ ಗಲ್ಲದ ಹೊರಗಿನಿಂದ ಐಸು, ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ, ಬಿಟ್ಟು ಮತ್ತೆ ಹತ್ತು ಹದಿನೈದು. ಇದು ಮೊದಲ ದಿನದ ಮಾತು. ಬಿಸಿ ಶಾಖ ಕೊಡಲು ಅವ್ವ ತವೆ ಕಾಯಿಸಿಟ್ಟಿರುತ್ತಾಳೆ, ಬೇಡ ಅನ್ನಿ. ತಲೆದಿಂಬು ಎರಡು. ಬಾವು ಮಾರನೇ ದಿನ ಇಳಿಯುತ್ತದೆಂದು ಕಾಯಬೇಡಿ, ಏರುತ್ತದೆ. ಎರಡು ಮೂರನೇ ದಿನಕ್ಕೆ ಪೂರ್ತಿ ಏರಿ ಆಮೇಲೆ ಇಳಿಯುವುದು ಅದರ ಕ್ರಮ. ಗಲ್ಲದ ಮೇಲೆ ಹಸಿರು ಹಳದಿ ಕಲೆ ಬಂದರೂ ಬರಬಹುದು. ಬಾಯಿ ಒಂದು ವಾರ ಸರಿಯಾಗಿ ತೆರೆಯದು. ಇಷ್ಟು ಗೊತ್ತಿದ್ದರೆ ಮೂರನೇ ದಿನ ಕನ್ನಡಿ ನೋಡಿ ಗಾಬರಿಯಾಗುವುದಿಲ್ಲ. ಗೊಬ್ಬರದ ಚೀಲ ಎತ್ತುವ, ಬಗ್ಗಿ ಸಸಿ ಹಚ್ಚುವ ಕೆಲಸ ನಾಲ್ಕೈದು ದಿನ ಬೇರೆಯವರಿಗೆ ಬಿಡಿ. ಆಂಟಿಬಯಾಟಿಕ್ ಕೊಟ್ಟಿದ್ದರೆ ಬ್ಯಾನಿ ಹೋಯಿತೆಂದು ನಡುವೆ ನಿಲ್ಲಿಸಬೇಡಿ. ಅದರಲ್ಲಿ ಮೆಟ್ರೊನಿಡಜೋಲ್ ಇದ್ದರೆ ಕುಡಿಯುವವರು ಆ ದಿನಗಳಲ್ಲೂ, ಮುಗಿದ ಮೇಲೆ ಇನ್ನೆರಡು ದಿನವೂ ಕುಡಿಯಬಾರದು, ವಾಂತಿ ಹಿಡಿದರೆ ಹೊಲಿಗೆ ಉಳಿಯುವುದಿಲ್ಲ.

ಊಟದ ಜಗಳ ನಮ್ಮ ಮನೆಯಲ್ಲಿ ಎರಡು ದಿನ ನಡೆಯಿತು. ಡಾಕ್ಟರು ಐಸ್‌ಕ್ರೀಂ ತಿನ್ನು ಎಂದಿದ್ದರು, ಅವ್ವ ಥಂಡಿಯಾಗುತ್ತದೆ ಎಂದಳು. ಡಾಕ್ಟರು ಏನಾದರೂ ತಿನ್ನು ಎಂದರು, ಅವ್ವ ಬದನೆಕಾಯಿ ನಂಜು, ಶೇಂಗಾ ನಂಜು, ಅದು ಬೇಡ ಇದು ಬೇಡ ಎಂದಳು. ನಂಜಿನ ಲೆಕ್ಕಕ್ಕೆ ವೈದ್ಯದಲ್ಲಿ ಆಧಾರವಿಲ್ಲ. ಆದರೆ ಶೇಂಗಾ ಆ ವಾರ ಹೇಗೂ ಬೇಡ, ಚೂರು ಗುಳಿಯಲ್ಲಿ ಕೂರುತ್ತದೆ, ಹಾಗಾಗಿ ಅರ್ಧ ರಾಜಿಯಾದೆವು. ಮಜ್ಜಿಗೆ, ಆರಿದ ಗಂಜಿ, ರಾಗಿ ಅಂಬಲಿ, ಮಿದ್ದ ಮೊಸರನ್ನ, ಬಾಳೆಹಣ್ಣು, ಕಡೆಗೆ ಐಸ್‌ಕ್ರೀಮೂ. ಚುರುಮುರಿ, ಕಡಕ್ ರೊಟ್ಟಿ, ಮಿರ್ಚಿ ದೂರ. ಟಿಬೆಟನ್ ಕ್ಯಾಂಪಿನ ಗೆಳೆಯನೊಬ್ಬ ಥುಕ್ಪಾ ತಂದುಕೊಟ್ಟ. 1966ರಲ್ಲಿ ಟಿಬೆಟನ್ನರು ಇಲ್ಲಿ ನೆಲೆ ನಿಂತಂದಿನಿಂದ ಮುಂಡಗೋಡದವರಿಗೆ ಜ್ವರ, ನೆಗಡಿಗೆ ಆ ಸಾರು ಪರಿಚಯವೇ. ಹಲ್ಲು ಕಿತ್ತಿಸಿಕೊಂಡವರಿಗೂ ಒಳ್ಳೆಯದು, ಆದರೆ ಆರಿಸಿ, ಖಾರ ಬಿಟ್ಟು, ಶಾವಿಗೆಯ ಎಳೆಗಳನ್ನು ಚಮಚದಲ್ಲಿ ತುಂಡು ಮಾಡಿ ತಿನ್ನಬೇಕು. ಸುರ್ ಎಂದು ಎಳೆದುಕೊಂಡರೆ ಅದೂ ಸ್ಟ್ರಾ ಹಾಕಿದ ಹಾಗೇ.

ಇಪ್ಪತ್ನಾಲ್ಕು ತಾಸಿನ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು, ಊಟ ಆದಾಗೆಲ್ಲ. ಗಳಗಳ ಮುಕ್ಕಳಿಸಬೇಡಿ. ಬಾಯಿಗೆ ಹಾಕಿ ತಲೆಯನ್ನು ಆಕಡೆ ಈಕಡೆ ವಾಲಿಸಿ, ಬೇಸಿನ್ನಿನ ಮೇಲೆ ಬಾಯಿ ತೆರೆದು ತಾನಾಗಿ ಬೀಳಲು ಬಿಡಿ. ಬಾಕಿ ಹಲ್ಲುಗಳನ್ನು ಎಂದಿನಂತೆ ಉಜ್ಜಿ.

ನೋವು ದಿನದಿನಕ್ಕೆ ಕಡಿಮೆಯಾಗುತ್ತ ಹೋಗಬೇಕು. ಹಾಗಾಗದೆ ಮೂರು ನಾಲ್ಕನೇ ದಿನ ಒಮ್ಮೆಲೇ ಜಾಸ್ತಿಯಾಗಿ, ಕಿವಿ ಕಪಾಲಕ್ಕೆ ಸಿಡಿದು, ಬಾಯಿ ನಾರಲು ಶುರುವಾದರೆ ಹೆಪ್ಪು ಕಳಚಿ ಗುಳಿ ಒಣಗಿದೆ ಎಂದರ್ಥ. ಡಾಕ್ಟರು ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ಕೆಳಗಿನ ಬುದ್ಧಿಹಲ್ಲಿನಲ್ಲಿ ಇದು ಉಳಿದೆಡೆಗಿಂತ ಹೆಚ್ಚು, ಸೇದುವವರಲ್ಲಿ ಇನ್ನೂ ಹೆಚ್ಚು, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲೂ ಹೆಚ್ಚು. ಮತ್ತೆ ಮೆಡಿಕಲ್ ಅಂಗಡಿಗೆ ಹೋಗಿ ಕ್ಯಾಪ್ಸೂಲು ಕೇಳಬೇಡಿ, ಅದು ಇದಕ್ಕೆ ಮದ್ದಲ್ಲ. ತೆಗೆದವರ ಬಳಿಗೇ ಹೋದರೆ ಗುಳಿ ತೊಳೆದು ಔಷಧದ ಪಟ್ಟಿ ತುಂಬುತ್ತಾರೆ, ಕುರ್ಚಿಯಿಂದ ಇಳಿಯುವುದರೊಳಗೆ ಅರ್ಧ ಹಗುರಾಗುತ್ತದೆ. ಆ ಪಟ್ಟಿಗೆ ಲವಂಗದ ವಾಸನೆ. ನಮ್ಮಜ್ಜಿ ಹಲ್ಲುಬೇನೆಗೆ ಇಡುತ್ತಿದ್ದ ಲವಂಗದಲ್ಲಿರುವ ಯುಜಿನಾಲ್ ಎಂಬ ಅಂಶವೇ ಅದರಲ್ಲೂ ಇರುವುದು. ಹಾಗೆಂದು ಲವಂಗದ ಎಣ್ಣೆಯನ್ನು ನೀವೇ ಗಾಯಕ್ಕೆ ಸುರಿದುಕೊಂಡರೆ ವಸಡು ಸುಡುತ್ತದೆ. ಹಲ್ಲಿನ ಸಂದಿಗೆ ಗುಳಿಗೆ ಒತ್ತುವವರು, ಮಿಸರಿ, ತಂಬಾಕು ಇಡುವವರು ಸುಟ್ಟುಕೊಳ್ಳುವುದೂ ಹೀಗೆಯೇ.

ಮಾರನೇ ದಿನವೂ ಕೆಳತುಟಿ, ಗದ್ದ, ನಾಲಿಗೆಯ ಜೋಮು ಬಿಡದಿದ್ದರೆ ಫೋನು ಮಾಡಿ ತಿಳಿಸಿ. ನರಕ್ಕೆ ಪೆಟ್ಟಾಗಿರಬಹುದು. ಬಹುಪಾಲು ವ್ಯಕ್ತಿಗಳಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ಕಾಯಂ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಮೇಲಿನ ಹಲ್ಲು ತೆಗೆಸಿದವರಿಗೆ ಕುಡಿದ ನೀರು ಮೂಗಿನಿಂದ ಬಂದರೆ ಅದನ್ನೂ ಹೇಳಬೇಕು. ಆ ಬೇರುಗಳ ಮೇಲೇ ಗಲ್ಲದ ಗಾಳಿಕೋಣೆ ಇರುತ್ತದೆ, ಡಾಕ್ಟರಿಗೆ ತೋರಿಸುವವರೆಗೆ ಮೂಗು ಜೋರಾಗಿ ಸೀಟಬಾರದು.

ಏಳನೇ ದಿನ ಹೊಲಿಗೆ ಬಿಚ್ಚಿಸಲು ಮತ್ತೆ ಅದೇ ಬಸ್ಸು. ಎರಡು ನಿಮಿಷದ ಕೆಲಸ, ಇರುವೆ ಕಚ್ಚಿದಷ್ಟು. ತಾನಾಗಿ ಕರಗುವ ದಾರ ಹಾಕಿದ್ದರೆ ಅದೂ ಇಲ್ಲ, ದೂರದವರು ಮೊದಲೇ ಕೇಳಿ ಅದನ್ನೇ ಹಾಕಿಸಿಕೊಳ್ಳಬಹುದು. ಗುಳಿ ಮಾತ್ರ ಇನ್ನೂ ಒಂದೆರಡು ತಿಂಗಳು ಗುಳಿಯೇ. ಡಾಕ್ಟರು ತುದಿ ಬಾಗಿದ ಒಂದು ಪ್ಲಾಸ್ಟಿಕ್ ಸಿರಿಂಜು ಕೊಟ್ಟು, ಊಟ ಆದಮೇಲೆ ಅದರಿಂದ ನೀರು ಬಿಟ್ಟು ತೊಳೆದುಕೋ ಎಂದರು. ಹದಿನೈದನೇ ದಿನ ಅವ್ವ ಮೆತ್ತಗಿನ ರೊಟ್ಟಿ ಬಡಿದಳು, ಎಡಗಡೆಯಿಂದಲೇ ತಿಂದೆ. ಬಚ್ಚಲಿನ ಕನ್ನಡಿಯ ಮುಂದೆ ಸಿರಿಂಜು ಹಿಡಿದು ನಿಂತಾಗ ಬಲಗಡೆಯ ಗುಳಿಯಿಂದ ಬೆಳಗಿನ ಅವಲಕ್ಕಿಯ ಒಂದು ಚೂರು ಹೊರಬಂತು. ಎಡದವಡೆಯ ಕಡೇ ಹಲ್ಲೂ ಓಪಿಜಿಯಲ್ಲಿ ವಾಲಿಕೊಂಡೇ ಕಂಡಿತ್ತು. ಅದಿನ್ನೂ ಒಮ್ಮೆಯೂ ನೋವು ಕೊಟ್ಟಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಿ ಹೋಗ್ರಿ ಎಂದಿದ್ದಾರೆ.